ಅಟ್ಟೂರಿನ ಐದು ಬೋಳು ತಲೆಗಳು

ನನ್ನ ಫ್ಲೆಕ್ಸ್ ಅಂಗಡಿಗೆ ಬರುವವರೆಲ್ಲ ಕೇಳುವುದು ಒಂದೇ. ನಮ್ಮ ತಲೆ ಸ್ವಲ್ಪ ದೊಡ್ಡದು ಮಾಡಿ ಮೇಡಂ. ಹುಟ್ಟುಹಬ್ಬವಿರಲಿ, ಗಣೇಶನ ಹಬ್ಬವಿರಲಿ, ಶ್ರದ್ಧಾಂಜಲಿಯೇ ಇರಲಿ, ಪಕ್ಕದವನ ತಲೆಗಿಂತ ತಮ್ಮದು ಒಂದು ಬೆರಳಾದರೂ ಮುಂದಿರಬೇಕು. ಅಟ್ಟೂರು ಮೇನ್ ರೋಡಿನಲ್ಲಿ ಕೂತು ನಾನು ಎಷ್ಟೋ ವರ್ಷದಿಂದ ಜನರ ತಲೆ ಕತ್ತರಿಸಿ ಅಂಟಿಸುತ್ತಿದ್ದೇನೆ. ಆದರೆ ತಲೆ ಯಾರದು ಎನ್ನುವುದಕ್ಕೇ ನನ್ನ ಅಂಗಡಿಯಲ್ಲಿ ಜಗಳವಾದದ್ದು ಇದೇ ಮೊದಲು. ಅದೂ ಒಂದು ತಲೆಯಲ್ಲ, ಐದು. ಐದೂ ಬೋಳು.

ಆ ಫೋಟೋ ತಂದವರು ನಮ್ಮೂರ ಯುವಕ ಸಂಘದ ಕಾರ್ಯದರ್ಶಿ ನಂದಕುಮಾರ್. ಯುವಕ ಸಂಘ ಎಂದು ಹೆಸರೇ ಹೊರತು ಅಲ್ಲಿ ಅರವತ್ತು ದಾಟದವರು ಈಗ ಯಾರೂ ಇಲ್ಲ. ಸಂಘದ ಕೊಠಡಿಗೆ ಬಣ್ಣ ಹೊಡೆಸುವಾಗ ಬೀರುವಿನ ಹಿಂದೆ ಈ ಫೋಟೋ ಸಿಕ್ಕಿತಂತೆ. ಎಪ್ಪತ್ತೈದನೇ ಇಸವಿಯಲ್ಲಿ ಯಲಹಂಕದ ಬಾಲ್ ಬ್ಯಾಡ್ಮಿಂಟನ್ ಟೂರ್ನಮೆಂಟಿನಲ್ಲಿ ಅಬ್ಬಿಗೆರೆಯವರನ್ನು ಸೋಲಿಸಿ ಶೀಲ್ಡ್ ಗೆದ್ದ ನಮ್ಮೂರ ತಂಡ. ಬ್ಯಾಡ್ಮಿಂಟನ್ ಎಂದ ಕೂಡಲೇ ಪುಕ್ಕದ ಕಾಕ್ ನೆನಪಿಸಿಕೊಳ್ಳಬೇಡಿ. ಇದು ಹಳದಿ ಉಣ್ಣೆ ಚೆಂಡಿನ ಆಟ, ಎರಡೂ ಕಡೆ ಐದೈದು ಜನ. ಈಗ ಅಪಾರ್ಟ್‌ಮೆಂಟ್ ಎದ್ದಿರುವ ಜಾಗಗಳಲ್ಲಿ ಆಗ ಊರಿಗೊಂದು ಕೋರ್ಟ್ ಇತ್ತು, ಸಂಜೆಯಾದರೆ ಊರಿಗೆ ಊರೇ ಅಲ್ಲಿರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ.

ಫೋಟೋದಲ್ಲಿ ಐದು ಜನ. ಬಿಳಿ ಅಂಗಿ, ಬಿಳಿ ಚಡ್ಡಿ, ಕೈಯಲ್ಲಿ ಮರದ ಬ್ಯಾಟು. ಮಧ್ಯದಲ್ಲಿ ಕೂತವನ ತೊಡೆಯ ಮೇಲೆ ಶೀಲ್ಡ್. ಎಲ್ಲ ಸರಿ, ಆದರೆ ಐವರ ತಲೆಯಲ್ಲೂ ಒಂದೇ ಒಂದು ಕೂದಲಿಲ್ಲ, ಮೀಸೆಯೂ ಇಲ್ಲ. ಗೆದ್ದರೆ ತಲೆ ಕೊಡುತ್ತೇವೆ ಎಂದು ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದರು. ಗೆದ್ದರು, ಹೋದರು, ಮುಡಿ ಕೊಟ್ಟರು, ಬಸ್ಸಿಳಿದು ಸೀದಾ ಯಲಹಂಕದ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡರು. ಒಂದು ತಿಂಗಳು ತಡೆದು ತೆಗೆಸಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ನನಗೆ ಗೊತ್ತಿಲ್ಲ. ಕೆಳಗಡೆ ಹೆಸರು ಬರೆದಿದ್ದ ಪಟ್ಟಿಯನ್ನು ಗೆದ್ದಲು ಪೂರ್ತಿ ತಿಂದು, ತಲೆಗಳನ್ನು ಮಾತ್ರ ನಮಗೆ ಬಿಟ್ಟಿತ್ತು.

"ಸುವರ್ಣ ಮಹೋತ್ಸವ ಮಾಡ್ತಿದ್ದೀವಿ ಶಿಲ್ಪ" ಎಂದರು ನಂದಕುಮಾರ್. "ಸ್ಟೇಜ್ ಹಿಂದೆ ಈ ಫೋಟೋನ ದೊಡ್ಡದಾಗಿ ಹಾಕ್ಬೇಕು. ಒಬ್ಬೊಬ್ಬರ ಕೆಳಗೂ ಹೆಸರು ಬರ್ಬೇಕು. ಅವರವರ ಮನೆಯವರಿಗೆ ಸನ್ಮಾನ."

"ಹೆಸರು ಹೇಳಿ ಸರ್, ಈಗಲೇ ಹಾಕ್ತೀನಿ."

"ಹೆಸರೇನೋ ಐದೂ ಗೊತ್ತು. ಯಾವುದು ಯಾವ ತಲೆಗೆ ಅಂತ ಗೊತ್ತಾಗ್ತಿಲ್ಲ" ಎಂದರು ಅವರು, ತಮ್ಮ ತಲೆ ಕೆರೆದುಕೊಳ್ಳುತ್ತ.

ಆ ತಂಡದಲ್ಲಿ ಈಗ ಬದುಕಿರುವವರು ಒಬ್ಬರೇ, ನನ್ನ ಮಾವ ಮುನಿಯಲ್ಲಪ್ಪ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಈ ಫೋಟೋದ ಕತೆ ಕೇಳುತ್ತಿದ್ದೇನೆ. ಮುದ್ದೆ ಮುರಿಯುವಾಗ ಶುರು ಮಾಡಿದರೆ ಮಜ್ಜಿಗೆ ಕುಡಿಯುವಾಗ ಮುಗಿಯುತ್ತದೆ. ಕೊನೆಯ ಮಾತು ಯಾವಾಗಲೂ ಒಂದೇ: "ಶೀಲ್ಡ್ ಇಡ್ಕೊಂಡು ಮಧ್ಯ ಕೂತಿರೋನು ನಾನೇ ಕಣಮ್ಮ." ಉಳಿದವರು ಯಾರು ಯಾರು ಎಂದು ಕೇಳಿದರೆ ಮಾತ್ರ, ಬೋಳಿಸಿದ ಮೇಲೆ ಎಲ್ಲರೂ ಒಂದೇ ಎಂದುಬಿಡುತ್ತಾರೆ. ನನ್ನ ಗಂಡ ಗೋಕುಲ್ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಿಬಿಡುತ್ತಾನೆ, ಕೇಳಬೇಕಾದವಳು ನಾನು. ಆದ್ದರಿಂದ ಫೋಟೋ ಸಿಕ್ಕಿದೆ ಎಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳೂ ನಾನೇ. ಮಾವನ ಹೆಸರು ದೊಡ್ಡಕ್ಷರದಲ್ಲಿ ಬಂದುಬಿಟ್ಟರೆ ಮುಂದಕ್ಕೆ ನೆಮ್ಮದಿಯಾಗಿ ಊಟ ಮಾಡಬಹುದಲ್ಲ.

ಫೋಟೋ ನನ್ನ ಕಂಪ್ಯೂಟರಿಗೆ ಏರಿದ ಸುದ್ದಿ ಊರೆಲ್ಲ ಹಬ್ಬಿತು. ಮೊದಲು ಬಂದವರು ತಂಡದಲ್ಲಿ ಆಡಿದ್ದ ಮುನಿವೆಂಕಟಯ್ಯನವರ ಹೆಂಡತಿ ಅಂಜನಮ್ಮ. ಎಡತುದಿಯವನನ್ನು ನೋಡಿದವರೇ, "ಇವರೇ ನಮ್ಮ ಯಜಮಾನ್ರು. ಈ ಕಿವಿ ನಂಗೆ ಗೊತ್ತಿಲ್ವಾ? ನಾನೇಳಿದ್ದು ಒಂದು ದಿನವೂ ಆ ಕಿವಿಯೊಳಗೆ ಓಗ್ಲಿಲ್ಲ" ಎಂದರು. ಅಷ್ಟರಲ್ಲಿ ಕಲಾವತಿ ಬಂದಳು. ಅವಳ ತಂದೆಯೂ ತಂಡದಲ್ಲಿದ್ದವರೇ. ಅವಳು ಬೆರಳಿಟ್ಟದ್ದೂ ಅದೇ ಎಡತುದಿಯವನ ಮೇಲೆ, ಅದೂ ಕಿವಿಯ ಮೇಲೆಯೇ. ತನ್ನ ಜುಮುಕಿ ಬಿಚ್ಚಿ, ಕೂದಲು ಹಿಂದಕ್ಕೆ ಸರಿಸಿ, "ನೋಡಿ ಶಿಲ್ಪ, ಸರಿಯಾಗಿ ನೋಡಿ, ನಂದೂ ಹಿಂಗೇ ಇದೆ ಅಲ್ವಾ?" ಎಂದು ತನ್ನ ಕಿವಿಯನ್ನು ನನ್ನ ಮೂಗಿನ ಹತ್ತಿರ ತಂದಳು. ಕಿವಿ ನೋಡಿ ತೀರ್ಪು ಕೊಡುವುದು ನನ್ನ ಕಸುಬಲ್ಲ ಎಂದು ಹೇಳಬೇಕಾಯಿತು.

ಆ ಕಡೆ ತಂಡದಲ್ಲಿ ಜೊತೆಗೇ ಆಡಿದ್ದ ಪಿಳ್ಳಪ್ಪ, ಮುನಿಪಿಳ್ಳಪ್ಪ ಎಂಬ ಅಣ್ಣತಮ್ಮಂದಿರ ಮನೆಯವರು ಜಗಳಕ್ಕೇ ಬರಲಿಲ್ಲ. ಫೋನ್ ಮಾಡಿ, "ನಮ್ಮನೆಗೆ ಎರಡು ತಲೆ ಬರ್ಬೇಕು, ಅಷ್ಟೆ. ಯಾವುದಾದ್ರೂ ಹಾಕಿ, ನಮಗೆ ನಡೆಯುತ್ತೆ" ಎಂದರು. ಆ ವಾರ ನನ್ನ ಜೊತೆ ಮರ್ಯಾದೆಯಾಗಿ ಮಾತಾಡಿದವರು ಅವರೊಬ್ಬರೇ.

ಕೊನೆಗೆ ಬಂದವನು ಬಾಲರಾಜ್. ಕ್ಯಾಪ್ಟನ್ ಅಶ್ವತ್ಥಪ್ಪನವರ ಮಗ. ತಣಿಸಂದ್ರದ ಕಡೆ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾನೆ. ಮಹೋತ್ಸವದ ಕಲ್ಯಾಣ ಮಂಟಪ, ಊಟ, ಹೋಳಿಗೆ ಎಲ್ಲ ಅವನದೇ. ನಲವತ್ತಕ್ಕೆ ಮೊದಲೇ ಅವನ ತಲೆ ನುಣ್ಣಗಾಗಿತ್ತು. ಹೋದ ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋಗಿ ಹಿಂದಲೆಯ ಕೂದಲು ಕೀಳಿಸಿ ಮುಂದಕ್ಕೆ ನೆಡಿಸಿಕೊಂಡು ಬಂದಿದ್ದ. ಪೈರು ಹಿಡಿದಿದೆ. ಮಾತಾಡುವಾಗ ನಡುನಡುವೆ ಅದನ್ನು ಮೆಲ್ಲಗೆ ಮುಟ್ಟಿ ನೋಡಿಕೊಳ್ಳುತ್ತಾನೆ.

"ಶೀಲ್ಡ್ ಹಿಡ್ಕೊಂಡಿರೋದು ನಮ್ಮಪ್ಪ. ಅದ್ರಲ್ಲಿ ಡೌಟೇ ಇಲ್ಲ" ಎಂದ ಬಾಲರಾಜ್. "ಉಳಿದವ್ರು ಗೊತ್ತಾಗ್ಬೇಕಾದ್ರೆ ಒಂದ್ ಕೆಲಸ ಮಾಡಿ ಮೇಡಂ. ಎಲ್ರಿಗೂ ಕೂದಲು ಹಾಕಿ ನೋಡಿ."

ಪ್ರಪಂಚದ ಕಷ್ಟವೆಲ್ಲ ಕೂದಲು ಹಾಕಿದರೆ ಪರಿಹಾರವಾಗುತ್ತದೆ ಎಂದು ನಂಬಿದ ಮನುಷ್ಯ. ನನಗೂ ಜಗಳ ಕೇಳಿ ಸಾಕಾಗಿತ್ತು. ಆ ಕಾಲದ ಒಂದು ಕ್ರಾಪು, ಕೆನ್ನೆಯ ತನಕ ಇಳಿಯುವ ಸೈಡ್‌ಲಾಕು, ಒಂದು ದಪ್ಪ ಮೀಸೆ ಹುಡುಕಿ ಐವರಿಗೂ ಅದನ್ನೇ ಅಂಟಿಸಿದೆ. ಅಂಟಿಸಿ ನೋಡಿದರೆ ಐವರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣತೊಡಗಿದರು. ಅಲ್ಲಿಯವರೆಗೆ ಎಡತುದಿಯನ್ನು ಬಿಟ್ಟು ಕದಲದಿದ್ದ ಅಂಜನಮ್ಮನಿಗೆ ಈಗ ಗಂಡ ಮೂರು ಕಡೆ ಕಂಡರು. ಮೂರನೆಯ ಸಲ "ಇವರೂ ಅವರಂಗೇ ಅವ್ರಲ್ಲಾ" ಎಂದವರು ನಾಚಿಕೊಂಡು ತಲೆಯ ಮೇಲೆ ಸೆರಗೆಳೆದು ಮನೆಗೆ ಹೋಗಿಬಿಟ್ಟರು. ನಾನು ಕೂದಲನ್ನೆಲ್ಲ ಅಳಿಸಿ ಹಾಕಿದೆ.

ಭಾನುವಾರ ಬೆಳಿಗ್ಗೆ ಸಂಘದ ಕೊಠಡಿಯಲ್ಲಿ ಸಭೆ ಕರೆದು ನಂದಕುಮಾರ್ ವಿಷಯ ತೀರ್ಮಾನಿಸಿದರು. ತೀರ್ಮಾನ ಎಂದರೆ ಹಂಚಿಕೆ, ಬೇರೇನಲ್ಲ. ಶೀಲ್ಡ್ ಹಿಡಿದವನು ಅಶ್ವತ್ಥಪ್ಪ, ಏಕೆಂದರೆ ಅವರು ಕ್ಯಾಪ್ಟನ್, ಜೊತೆಗೆ ಹೋಳಿಗೆ ಅವರ ಮಗನದು. ಎಡತುದಿಯವನು ಅಂಜನಮ್ಮನ ಪಾಲಿಗೆ. ಅವನ ಪಕ್ಕದವನು ಕಲಾವತಿಯ ಪಾಲಿಗೆ, ಅವನ ಕಿವಿಯೂ ಪರವಾಗಿಲ್ಲ ಎಂದು ಅವಳನ್ನು ಒಪ್ಪಿಸಿದರು. ಬಲಗಡೆಯ ಎರಡು ತಲೆ ಪಿಳ್ಳಪ್ಪನವರ ಮನೆಗೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಟೀ ಬಂತು.

ನನ್ನ ಮಾವ ಎದ್ದು ನಿಂತರು. "ನಾನೆಲ್ಲಿ?"

ಫೋಟೋದಲ್ಲಿರುವ ಐವರಿಗೂ ವಾರಸುದಾರರು ಸಿಕ್ಕಿದ್ದರು. ಜೀವಂತವಾಗಿ ಎದುರಿಗೆ ನಿಂತ ಮನುಷ್ಯನಿಗೆ ಒಂದು ತಲೆಯೂ ಉಳಿದಿರಲಿಲ್ಲ.

"ನೀವು ಎಕ್ಸ್‌ಟ್ರಾ ಅಲ್ವಾ ಮುನಿಯಲ್ಲಪ್ಪಣ್ಣ?" ಎಂದರು ನಂದಕುಮಾರ್, ಮೆತ್ತಗೆ. "ಆಡಿದ್ದು ಐದು ಜನ. ಫೋಟೋದಲ್ಲಿರೋದೂ ಐದು ಜನ."

"ಶೀಲ್ಡ್ ಇಡ್ಕೊಂಡಿರೋನು ನಾನು."

"ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ" ಎಂದ ಬಾಲರಾಜ್. "ಕ್ಯಾಪ್ಟನ್ ಇರೋವಾಗ ಎಕ್ಸ್‌ಟ್ರಾ ಕೈಗೆ ಶೀಲ್ಡ್ ಯಾರ್ ಕೊಡ್ತಾರೆ? ಅದು ನೀವಾದ್ರೆ ನಮ್ಮಪ್ಪ ಎಲ್ಲಿಗೆ ಹೋಗಿದ್ರು, ಹೇಳಿ ನೋಡೋಣ?"

ಮಾವ ಬಾಯಿ ತೆರೆದರು. ಬಾಲರಾಜನ ಮುಖ ನೋಡಿದರು. ಅವನ ಹೊಸ ಕೂದಲನ್ನೂ ನೋಡಿದರು ಎಂದು ಕಾಣುತ್ತದೆ. ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. ನಂದಕುಮಾರ್ ಸಮಾಧಾನಕ್ಕೆಂದು, "ಮೂಲೇಲಿ ಒಂದು ರೌಂಡ್ ಹಾಕಿ, ಅದರೊಳಗೆ ಮಾವನ ಪಾಸ್‌ಪೋರ್ಟ್ ಫೋಟೋ ಹಾಕ್ಬಿಡಿ ಶಿಲ್ಪ. ಎಕ್ಸ್‌ಟ್ರಾ ಆಟಗಾರರು ಅಂತ ಬರೀರಿ" ಎಂದರು. ಮೂಲೆಯ ರೌಂಡಿನಲ್ಲಿ ಯಾರನ್ನು ಹಾಕುತ್ತಾರೆ ಎಂದು ನನಗೆ ಹೇಳಿಕೊಡುವುದು ಬೇಡ. ಕಾಲು ಹಿಡಿದು ಕೇಳಿಕೊಂಡವರನ್ನು ಹಾಕುತ್ತಾರೆ. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದವಳೇ ಸೊಪ್ಪಿನ ಕಟ್ಟನ್ನು ಕೆಳಗೆ ಬಿಸಾಕಿ ಮಾವನ ಮುಂದೆ ಕೂತೆ. "ದಿನಾ ನನ್ನ ತಲೆ ತಿಂತೀರಲ್ಲ ಮಾವ, ಅಲ್ಲಿ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನೀವು ಅಲ್ಲ ಅಂದ್ರೆ ಇಷ್ಟು ವರ್ಷ ಯಾಕೆ ಹೇಳ್ತಿದ್ರಿ? ನೀವೇ ಅಂದ್ರೆ ಅಲ್ಲಿ ಯಾಕೆ ಸುಮ್ನಾದ್ರಿ?"

ಮಾವ ಸೊಪ್ಪು ಬಿಡಿಸಲು ಕೂತರು. ಮಾತು ಬೇಡವಾದಾಗ ಅವರು ಮಾಡುವುದೇ ಅದು. ಅರ್ಧ ಕಟ್ಟು ಮುಗಿದ ಮೇಲೆ ಬಾಯಿ ಬಿಟ್ಟರು.

"ಅರಕೆ ಒತ್ಕೊಂಡಿದ್ದು ಅಶ್ವತ್ಥನೇ ಕಣಮ್ಮ. ಫೈನಲ್ ಮ್ಯಾಚು, ಸೋಲೋ ಅಂಗಾಗಿತ್ತು. ಕೋರ್ಟ್ ಮಧ್ಯ ನಿಂತ್ಕೊಂಡು, ತಿಮ್ಮಪ್ಪಾ ಗೆಲ್ಸಿಬಿಡು, ಐದು ತಲೆ ತಂದು ಕೊಡ್ತೀವಿ ಅಂತ ಕೂಗ್ದ. ಗೆದ್ವಿ. ತಿರುಪತಿ ಬಸ್ಸಿಗೆ ಟಿಕೆಟ್ಟೂ ಮಾಡ್ಸಿದ್ವಿ. ಓಗೋ ಮುಂಚಿನ ದಿನ ಬಂದು ನಾನು ಬರಕ್ಕಾಗಲ್ಲ ಅಂದ."

"ಯಾಕೆ?"

"ಅಬ್ಬಿಗೆರೇಲಿ ಅವನ ಸೋದರಮಾವ ಎಣ್ಣು ನೋಡೋಕೆ ಕರೆದಿದ್ನಂತೆ. ಅವನ ಕೂದಲು ನೀನು ನೋಡ್ಬೇಕಿತ್ತು, ಅಣೆ ಮೇಲೆ ಸುರುಳಿ ಸುರುಳಿ. ಬೋಳು ತಲೇಲಿ ಓದ್ರೆ ಎಣ್ಣು ಬೇಡ ಅಂತದೆ ಅಂತ ಎದರ್ಕೊಂಡ. ತಲೆ ಒಂದು ಕಮ್ಮಿ ಬಿತ್ತಲ್ಲ, ನನ್ನ ಕರ್ಕೊಂಡ್ ಓದ್ರು. ಫೋಟೋಗೂ ಅವನು ಬರೋ ಅಂಗಿಲ್ಲ. ಐದು ಜನ ಬೋಳು, ಕ್ಯಾಪ್ಟನ್ ಒಬ್ಬಂಗೆ ಸುರುಳಿ ಕೂದಲು ಅಂದ್ರೆ ಊರು ಸುಮ್ನೆ ಬಿಡ್ತದಾ? ಅದಕ್ಕೇ ಅವನ ಜಾಗದಲ್ಲಿ ನನ್ನ ಕೂರ್ಸಿ ಶೀಲ್ಡ್ ಕೈಗೆ ಕೊಟ್ರು."

ಆಮೇಲೆ ಅಶ್ವತ್ಥಪ್ಪ ಸೋದರಮಾವನ ಮನೆಯಲ್ಲೇ ಒಂದಷ್ಟು ದಿನ ಉಳಿದನಂತೆ. ಊರಿಗೆ ಬಂದ ಮೇಲೂ, ಮುಡಿ ಕೊಟ್ಟ ತಲೆಗೆ ಶೀತ ಹಿಡಿದಿದೆ ಎಂದು ತಾಯಿಗೆ ಹೇಳಿ, ಸುಡು ಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ತಿರುಗಿದನಂತೆ. ಯಾರಿಗೂ ಹೇಳುವುದಿಲ್ಲ ಎಂದು ಉಳಿದವರಿಂದ ಆಣೆ ಮಾಡಿಸಿಕೊಂಡಿದ್ದ.

"ಆಣೆ ತಗೊಂಡೋರೂ ಇಲ್ಲ, ಜೊತೇಲಿ ಆಣೆ ಮಾಡ್ದೋರೂ ಇಲ್ಲ. ಈಗ ಹೇಳಿದ್ರೆ ಏನಾಗುತ್ತೆ?" ಎಂದೆ.

"ಏನಾಯ್ತದಾ? ಅರಕೆ ತೀರಿಲ್ಲ ಅಂತಾಯ್ತದೆ. ಆ ಮನೇಲಿ ಇಲ್ಲೀಗಂಟ ಆದ ಕಷ್ಟಕ್ಕೆಲ್ಲ ಅದೇ ಕಾರಣ ಅಂತಾರೆ. ಅಶ್ವತ್ಥ ದೇವರಿಗೆ ಸುಳ್ಳೇಳ್ದ ಅಂತಾರೆ. ಆ ಬಾಲರಾಜ ಪಾಪ ಈಗಿನ್ನೂ ಕೂದಲು ನೆಡಿಸ್ಕೊಂಡವ್ನೆ." ಮಾವ ಸೊಪ್ಪಿನ ದಂಟನ್ನು ಪಕ್ಕಕ್ಕೆ ತಳ್ಳಿದರು. "ನಾನು ಒಂದು ಗೇಮೂ ಆಡ್ಲಿಲ್ಲ ಕಣಮ್ಮ. ಚೆಂಡಿನ ಡಬ್ಬ ಇಡ್ಕೊಂಡು ಲೈನ್ ಪಕ್ಕ ಕೂತಿದ್ದೆ ಅಷ್ಟೆ. ಆ ತಂಡದಲ್ಲಿ ನಾನೂ ಇದ್ದೆ ಅನ್ನೋಕೆ ಆ ಫೋಟೋ ಬಿಟ್ರೆ ಬೇರೇನಿಲ್ಲ. ಓಗ್ಲಿ ಬಿಡು. ಅವನ ಎಸ್ರೇ ಆಕು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಮುದ್ದೆಯ ಜೊತೆ ನುಂಗಿದ ಕತೆ ನಿಜ ಎಂದು ಗೊತ್ತಾದ ದಿನವೇ ಅದನ್ನು ನನ್ನ ಕೈಯಾರೆ ಅಳಿಸಬೇಕಲ್ಲ ಎಂದು ಸಂಕಟವಾಯಿತು. ಯಾರೋ ಹೆಣ್ಣು ನೋಡಲು ಹೋದದ್ದಕ್ಕೆ ನಮ್ಮ ಮಾವ ಯಾಕೆ ರೌಂಡಿನೊಳಗೆ ಕೂರಬೇಕು?

ಮರುದಿನ ಬೆಳಿಗ್ಗೆ ಅಂಗಡಿ ತೆಗೆದು ಫೋಟೋದ ಕೆಳಗೆ ಅಶ್ವತ್ಥಪ್ಪ ಎಂದು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಅಷ್ಟರಲ್ಲಿ ಹೊರಗೆ ಬಾಲರಾಜನ ಕಾರು ನಿಂತಿತು. ಜೊತೆಗೆ ತಾಯಿ ರಾಮಲಕ್ಷ್ಮಮ್ಮನನ್ನು ಕರೆತಂದಿದ್ದ. ಮಂಡಿನೋವಿನಿಂದ ಮನೆ ಬಿಟ್ಟು ಹೆಚ್ಚು ಬರದ ಹೆಂಗಸು. ದಪ್ಪ ಬಿಳಿ ಕೂದಲನ್ನು ದೊಡ್ಡ ತುರುಬು ಕಟ್ಟಿ ಮಲ್ಲಿಗೆ ಮುಡಿದಿದ್ದರು. ಮುಡಿಯಬಾರದು ಎಂದು ಯಾರೋ ಹೇಳಿದಾಗ, ಹೂವು ನನ್ನ ಗಿಡದ್ದು, ತಲೆ ನಂದು ಎಂದವರಂತೆ ಅವರು. ಬಾಲರಾಜ್ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಶುರು ಮಾಡಿದ. ಅಮ್ಮ ಅಪ್ಪನನ್ನು ಗುರುತು ಹಿಡಿಯುವ ವಿಡಿಯೋ, ವಾಟ್ಸಾಪ್ ಸ್ಟೇಟಸ್ಸಿಗೆ.

"ನೋಡಮ್ಮಾ. ಮಧ್ಯದಲ್ಲಿ ಶೀಲ್ಡ್ ಹಿಡ್ಕೊಂಡಿರೋದು ಯಾರು ಹೇಳು?"

ರಾಮಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು ನೋಡಿದರು. "ನಿಮ್ಮಪ್ಪ ಅಲ್ಲ."

"ಅಮ್ಮಾ, ನೀನು ಕೂದಲಿಲ್ಲದೆ ನೋಡಿಲ್ಲ, ಅದಕ್ಕೇ ಗೊತ್ತಾಗ್ತಿಲ್ಲ."

"ವಯಸ್ಸಲ್ಲಿ ಅವರನ್ನ ಕೂದಲಿಲ್ಲದೆ ಯಾರೂ ನೋಡಿಲ್ಲ. ಇವರು ಮುನಿಯಲ್ಲಪ್ಪಣ್ಣ. ಇವರೆಲ್ಲ ತಿರುಪತೀಲಿ ತಲೆ ಬೋಳ್ಸ್ಕೊತಿದ್ದಾಗ ನಿಮ್ಮಪ್ಪ ಅಬ್ಬಿಗೆರೇಲಿ ನಮ್ಮನೆ ಉಪ್ಪಿಟ್ಟು ತಿಂತಿದ್ರು, ನನ್ನ ನೋಡೋಕೆ ಬಂದು."

ಬಾಲರಾಜನ ಮೊಬೈಲ್ ಕೆಳಗಿಳಿಯಿತು. ನಾನು ಸುಮ್ಮನೆ ಒಂದು ಕುರ್ಚಿ ಎಳೆದು ರಾಮಲಕ್ಷ್ಮಮ್ಮನಿಗೆ ಕೊಟ್ಟೆ. ಅವರಿಗೆ ಎಲ್ಲವೂ ಗೊತ್ತಿತ್ತು. ಮದುವೆಯಾದ ವರ್ಷವೇ ಗಂಡ ಹೇಳಿಕೊಂಡಿದ್ದರಂತೆ. ಮಗುವಿಗೆ ಜ್ವರ ಬಂದರೂ, ಬೋರ್‌ವೆಲ್ ಬತ್ತಿದರೂ, ಗಂಡಹೆಂಡಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಿದ್ದರಂತೆ.

"ಓಗಿ ಕೊಟ್ಟು ಬನ್ನಿ ಅಂತ ಒಂದೊಂದು ವರ್ಸವೂ ಬಡ್ಕೊಂಡೆ" ಎಂದರು ರಾಮಲಕ್ಷ್ಮಮ್ಮ. "ಮುಂದಿನ ವರ್ಸ, ಮುಂದಿನ ವರ್ಸ ಅಂದ್ರು. ಆಮೇಲೆ ಕೊಡೋಕೆ ಕೂದ್ಲೇ ಉಳೀಲಿಲ್ಲ. ತಿಮ್ಮಪ್ಪ ಬಡ್ಡಿ ಬಿಡೋನಾ? ತಾನೇ ಒಂದೊಂದಾಗಿ ಕಿತ್ಕೊಂಡ. ಸಾಲ್ದು ಅಂತ ನಿಂದೂ ಕಿತ್ಕೊಂಡ."

ಬಾಲರಾಜ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅಮ್ಮಾ, ಡಾಕ್ಟ್ರು ಒಂದು ವರ್ಷ ಕತ್ತರೀನೂ ಮುಟ್ಟಿಸ್ಬೇಡಿ ಅಂದವ್ರೆ!"

"ನಿಂದು ಯಾರು ಕೇಳಿದ್ರು? ಆಸ್ಪತ್ರೇಲಿ ನೆಡ್ಸಿದ್ದನ್ನ ತಿಮ್ಮಪ್ಪ ಮುಟ್ಟಲ್ಲ. ಅವರು ಕೂದಲು ಉಳಿಸ್ಕೊಂಡಿದ್ದು ನನಗೋಸ್ಕರ. ಆ ಕೂದಲು ನೋಡೇ ನಾನು ಊಂ ಅಂದಿದ್ದು, ಇಲ್ಲ ಅಂತ ಏಳಲ್ಲ. ನನ್ನ ಅಣ್ಣ ಅವರ ಕೈಲಿ ಸೋತು ಬಂದಿದ್ದ, ಆ ಮನೆಗೆ ಬೇಡ ಅಂತ ಕಿರುಚ್ತಿದ್ದ. ನಾನು ಕೇಳ್ಳಿಲ್ಲ. ಈಗ ಟಿಕೆಟ್ ಮಾಡ್ಸು, ನಾನು ಓಗಿ ಕೊಟ್ಟು ಬರ್ತೀನಿ."

ಬಾಲರಾಜ್ ಬೇಡವೆನ್ನಲಿಲ್ಲ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದ. ಕೂದಲಿನ ಗಾಬರಿ ಇಳಿದ ಮೇಲೆ ಅವನ ಮುಖ ಸಣ್ಣ ಹುಡುಗನದಾಯಿತು. "ಹಂಗಾದ್ರೆ ಫೋಟೋದಲ್ಲಿ ನಮ್ಮಪ್ಪ ಎಲ್ಲೂ ಇಲ್ವಾ ಶಿಲ್ಪ?" ಎಂದ. ಮೇಡಂ ಎನ್ನುವುದನ್ನು ಮರೆತಿದ್ದ. ಇವನ ಮೇಲೆ ಸಿಟ್ಟು ಮಾಡಿಕೊಂಡೇ ಇರೋಣ ಎಂದುಕೊಂಡಿದ್ದ ನನಗೆ ಅಯ್ಯೋ ಅನ್ನಿಸಿತು.

"ಮದುವೆ ಫೋಟೋ ಇದೆಯಾ ಬಾಲರಾಜಣ್ಣ? ಆ ಸುರುಳಿ ಕೂದಲಿಂದು?"

ಸಂಜೆಯೊಳಗೆ ತಂದುಕೊಟ್ಟ. ಮೂಲೆಯಲ್ಲಿ ರೌಂಡ್ ಹಾಕಿದೆ. ಅದರೊಳಗೆ ಕ್ಯಾಪ್ಟನ್ ಅಶ್ವತ್ಥಪ್ಪನವರನ್ನು ಕೂರಿಸಿ, 'ಚಿತ್ರದಲ್ಲಿ ಇಲ್ಲದವರು: ತಂಡದ ನಾಯಕರು' ಎಂದು ಬರೆದೆ. ನಿಜಕ್ಕೂ ಅಂಥ ಕೂದಲನ್ನು ನಾನು ನೋಡಿರಲಿಲ್ಲ, ರೌಂಡಿನೊಳಗೆ ಹಿಡಿಯದೆ ಆಚೆ ಬರುತ್ತಿತ್ತು. ರಾಮಲಕ್ಷ್ಮಮ್ಮ ಒಪ್ಪಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಮಧ್ಯದಲ್ಲಿ ಶೀಲ್ಡ್ ಹಿಡಿದವರ ಕೆಳಗೆ ಮುನಿಯಲ್ಲಪ್ಪ ಎಂದು ಹಾಕಿದೆ. ಅಕ್ಷರ ಉಳಿದವರಿಗಿಂತ ಒಂದು ಬೆರಳು ದೊಡ್ಡದು. ಅಂಗಡಿ ನನ್ನದು, ಯಾರು ಕೇಳುತ್ತಾರೆ? ಉಳಿದ ನಾಲ್ವರ ವಿಷಯದಲ್ಲಿ ಮಾವ, "ಅವರವರಿಗೆ ಯಾವುದು ಇಷ್ಟವೋ ಅದೇ ಇರ್ಲಿ ಬಿಡು, ನಂಗೂ ಅವರಲ್ಲಿ ಯಾರು ಯಾರು ಅಂತ ಗೊತ್ತಾಗಾಕಿಲ್ಲ" ಎಂದುಬಿಟ್ಟರು.

ಮಹೋತ್ಸವದ ದಿನ ಕಲ್ಯಾಣ ಮಂಟಪ ತುಂಬಿತ್ತು. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬೆಳಿಗ್ಗೆಯಿಂದ ಏನೂ ತಿನ್ನದೆ, ಫ್ಲೆಕ್ಸಿನ ಮುಂದೆ ನಿಂತು ತಮ್ಮ ಹೆಸರನ್ನು ಓದುತ್ತಲೇ ಇದ್ದರು. ಆದರೆ ಮುಖದಲ್ಲಿ ಗೆಲುವಿರಲಿಲ್ಲ. "ಎಂಗಸಿನ ತಲೆ ಬೋಳ್ಸಿ ನನ್ನೆಸ್ರು ಆಕಿಸ್ಕೊಂಡಂಗಾಯ್ತು" ಎಂದು ಎರಡು ಸಲ ನನ್ನ ಹತ್ತಿರ ಹೇಳಿದರು. ರಾಮಲಕ್ಷ್ಮಮ್ಮನನ್ನು ತಡೆಯಲು ಮಾವ ಅವರ ಮನೆಗೂ ಹೋಗಿದ್ದರು. ಅಷ್ಟರಲ್ಲಿ ಅವರು ತಿರುಪತಿ ಬಸ್ಸು ಹತ್ತಿಯಾಗಿತ್ತು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ರಾಮಲಕ್ಷ್ಮಮ್ಮ ಮಗನ ಕೈ ಹಿಡಿದು ಒಳಗೆ ಬಂದರು. ರೇಷ್ಮೆ ಸೀರೆ, ನುಣ್ಣನೆಯ ತಲೆ, ತಲೆಯ ತುಂಬ ಗಂಧ. ಸೆರಗು ಕೂಡ ಹೊದ್ದಿರಲಿಲ್ಲ. ಅವರು ನೆಟ್ಟಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು, ತಾವು ಬಂದದ್ದು ಎಲ್ಲರೂ ನೋಡಿ ಆಯಿತಲ್ಲ ಎಂಬಂತೆ ಹಿಂದಕ್ಕೆ ತಿರುಗಿ ನೋಡಿದರು. ಎಲ್ಲರೂ ತಲೆ ತಗ್ಗಿಸಿದರು. ಅಂಜನಮ್ಮ ಒಬ್ಬರೇ ಎದ್ದು ಬಂದು ಅವರ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

ವೇದಿಕೆಯ ಮೇಲೆ ಐದು ಕುರ್ಚಿ. ನಾಲ್ಕರಲ್ಲಿ ನಾಲ್ವರು ಆಟಗಾರರ ಮನೆಯವರು ಕೂತರು. ಮಧ್ಯದ್ದು ಮಾವನಿಗೆ. ಅವರು ಕೂರಲಿಲ್ಲ, ಕುರ್ಚಿಯ ಹಿಂದೆ ಓರೆಯಾಗಿ ನಿಂತೇ ಇದ್ದರು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು, ಆಗಲೂ ಕೂರಲಿಲ್ಲ. ನಂದಕುಮಾರ್ ಮೈಕು ಕೊಟ್ಟು ಎರಡು ಮಾತು ಎಂದರು. ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ, ಮುದ್ದೆಯಿಂದ ಮಜ್ಜಿಗೆಯ ತನಕದ ಕತೆ, ಹೋಳಿಗೆ ತಣ್ಣಗಾಯಿತು ಅಂತಲೇ ಅರ್ಥ.

ಮಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. "ಆಡಿ ಗೆದ್ದಿದ್ದು ಅಶ್ವತ್ಥ, ಇಲ್ಲಿ ಕೂತಿರೋ ಇವರ ಮನೆಯೋರು" ಎಂದರು. "ನಾನು ಆಡ್ಲಿಲ್ಲ. ಎಲ್ಲಾ ಮ್ಯಾಚಲ್ಲೂ ಈಗ ಕರೀತಾರೆ, ಈಗ ಕರೀತಾರೆ ಅಂತ ಕಾಯ್ತಿದ್ದೆ. ಯಾರೂ ಕರೀಲಿಲ್ಲ. ಒಂದೇ ಒಂದು ಸಲ ಕರೆದ್ರು. ಬಾರೋ ಮುನಿಯಲ್ಲ, ತಲೆ ಒಂದು ಕಮ್ಮಿ ಐತೆ ಅಂತ." ಜನ ನಕ್ಕರು. ಮಾವ ನಗಲಿಲ್ಲ. "ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಎಲ್ರಿಗಿಂತ ಮೊದ್ಲು ಓಗಿ ತಲೆ ಬಗ್ಗಿಸ್ಕೊಂಡು ಕೂತೆ. ಎಕ್ಸ್‌ಟ್ರಾ ಅಂತ ಇರೋದು ಯಾಕೆ? ಒಬ್ರು ಬರ್ದಿದ್ರೆ ಅವರ ಜಾಗಕ್ಕೆ ಇಳಿಯೋಕೆ. ನಾನು ಅಶ್ವತ್ಥನ ಜಾಗಕ್ಕೆ ಇಳಿದೆ. ಐದು ತಲೆ ಅಂತ ಅರಕೆ, ಐದು ತಲೆ ಕೊಟ್ವಿ. ಅರಕೆ ಅವತ್ತೇ ತೀರೋಗಿತ್ತು ಕಣಮ್ಮ ರಾಮಲಕ್ಷ್ಮಿ. ಸುಮ್ನೆ ಇಷ್ಟು ವರ್ಸ ಎದರ್ಕೊಂಡಿದ್ರಿ. ಈಗ ಸುಮ್ಸುಮ್ನೆ ಕೂದಲೂ ಕೊಟ್ಬಿಟ್ಟೆ. ಬಾಯಿ ಮುಚ್ಕೊಂಡಿದ್ದ ನನ್ನಿಂದ ಇಂಗಾಯ್ತು."

ಬಾಲರಾಜ್ ತಾಯಿಯ ಕಡೆ ನೋಡಿದ. ಇಷ್ಟು ವರ್ಷ ಹೊತ್ತದ್ದು ಹೊರೆಯೇ ಅಲ್ಲ ಎಂದು ಎಲ್ಲರೆದುರು ಕೇಳಿದರೆ ಯಾರಿಗೆ ತಾನೇ ಅಳು ಬರುವುದಿಲ್ಲ? ರಾಮಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಕೈಯನ್ನು ನಿಧಾನಕ್ಕೆ ತಲೆಯ ಮೇಲೆ ಹಿಂದಿನವರೆಗೂ ಆಡಿಸಿದರು.

"ಐದು ಅವತ್ತೇ ಆಗೋಯ್ತಾ ಅಣ್ಣ?" ಎಂದರು, ಮೈಕೇ ಬೇಕಾಗದ ದನಿಯಲ್ಲಿ. "ಅಂಗಾದ್ರೆ ಎಕ್ಸ್‌ಟ್ರಾ ನಾನು. ನೀನು ಕೂತ್ಕೋ."

ಮಾವ ಮಧ್ಯದ ಕುರ್ಚಿಯಲ್ಲಿ ಕೂತರು.